ಲೆಕ್ಕ ಕೇಳಿದರೆ ದ್ರೋಹವೇ?

ಯಾದಗಿರಿಯ ನನ್ನ ಮನೆಯ ಹಿತ್ತಿಲ ಗೋಡೆ ಕಟ್ಟಲು ಬಂದಿದ್ದ ಗೌಂಡಿಯೊಬ್ಬ ಮಧ್ಯಾಹ್ನದ ರೊಟ್ಟಿ ಮುಗಿಸಿ, ಅಂಗಿಯ ಒಳಜೇಬಿನಿಂದ ಒಂದು ಚೀಟಿಯನ್ನು ತೆಗೆದು ನನ್ನ ಮುಂದಿಟ್ಟ. “ಮಾಸ್ತರ್ರ, ಇದರಾಗ ಏನ್ ಬರ್ದಾರ, ಜರಾ ಓದಿ ಹೇಳ್ರಿ” ಎಂದ. ಅದು ಅವನು ಸೇರಿದ್ದ ಕಾರ್ಮಿಕ ಸಂಘದ ಪಾವತಿ. ಹೆಸರಿತ್ತು, ಮೊತ್ತವಿತ್ತು, ಸೊಟ್ಟಗಿನ ಒಂದು ಸಹಿಯಿತ್ತು. ಕ್ರಮಸಂಖ್ಯೆ ಇರಲಿಲ್ಲ, ಯಾವ ಬಾಬಿನ ಹಣವೆಂಬುದೂ ಇರಲಿಲ್ಲ. ಸಂಘದ ಜಮಾಖರ್ಚನ್ನು ಎಂದಾದರೂ ಓದಿ ಹೇಳಿದ್ದಾರೆಯೇ ಎಂದು ವಿಚಾರಿಸಿದೆ. ಅವನು ನಕ್ಕುಬಿಟ್ಟ. “ಒಮ್ಮೆ ಕೇಳೀನ್ರಿ. ನೀ ಗುತ್ತೇದಾರನ ಕಡೀ ಮನುಷ್ಯಾ ಏನು ಅಂದ್ರು.”

ಈ ಲೇಖನಕ್ಕೆ ಕಾರಣವಾದದ್ದು ಆ ಒಂದು ಮಾತು. ಸಂಘದ ಹೆಸರನ್ನು ನಾನು ಇಲ್ಲಿ ಎತ್ತುವುದಿಲ್ಲ. ಏಕೆಂದರೆ ಇದು ಒಂದು ಸಂಘದ ದೋಷವಲ್ಲ, ಒಂದು ಮನೋಧರ್ಮದ ದೋಷ.

ಸಂಘಗಳನ್ನು ಕಂಡರೆ ಮೂಗು ಮುರಿಯುವವರ ಸಾಲಿಗೆ ನನ್ನನ್ನು ಸೇರಿಸಬೇಡಿರಿ. ಯಾದಗಿರಿ, ಶಹಾಪುರ, ಸುರಪುರಗಳ ಮಾರುಕಟ್ಟೆಗಳಲ್ಲಿ ತೊಗರಿ, ಹತ್ತಿ, ಭತ್ತದ ಚೀಲಗಳನ್ನು ಬೆನ್ನ ಮೇಲೆ ಹೊರುವ ಹಮಾಲರನ್ನು ನಾನು ಬಾಲ್ಯದಿಂದ ಕಂಡವನು. ಕೃಷ್ಣೆ ಭೀಮೆಗಳೆರಡೂ ಹರಿಯುವ ಈ ಸೀಮೆಯಿಂದಲೇ, ಮಳೆ ಕೈಕೊಟ್ಟ ವರ್ಷ, ಗಂಟುಮೂಟೆಯೊಡನೆ ಬೆಂಗಳೂರು, ಪುಣೆ, ಮುಂಬಯಿಗಳ ಕಟ್ಟಡಗಳ ಕಡೆಗೆ ಹೊರಡುವ ಕುಟುಂಬಗಳನ್ನೂ ಕಂಡಿದ್ದೇನೆ. ಅವರಿಗೆ ಜಮೀನಿಲ್ಲ, ವಶೀಲಿಯಿಲ್ಲ, ಇರುವುದು ಸಂಘವೊಂದೇ. ಆದುದರಿಂದಲೇ ಅದರ ಲೆಕ್ಕ ಶುದ್ಧವಾಗಿರಬೇಕೆಂಬ ಹಟ.

ಸ್ವಲ್ಪ ಇತಿಹಾಸವನ್ನು ನೆನೆಯೋಣ. 1918ರಲ್ಲಿ ಮದರಾಸಿನ ಗಿರಣಿ ಕೆಲಸಗಾರರು ಸಂಘ ಕಟ್ಟಿದರು. ಎರಡು ಮೂರು ವರ್ಷಗಳಲ್ಲಿ ಬಕಿಂಗ್‌ಹ್ಯಾಮ್ ಗಿರಣಿಯ ಒಡೆಯರು ವಾಡಿಯಾ ಮೊದಲಾದ ಮುಖಂಡರ ಮೇಲೆ ಹೈಕೋರ್ಟಿನಲ್ಲಿ ದಾವೆ ಹೂಡಿ ತಡೆಯಾಜ್ಞೆ ತಂದರು. ಎನ್. ಎಂ. ಜೋಶಿಯವರು 1921ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ದನಿಯೆತ್ತಿದರು. 1926ರಲ್ಲಿ ಕಾರ್ಮಿಕ ಸಂಘಗಳ ಕಾಯಿದೆ ಬಂತು. ಆ ಕಾಯಿದೆ ಒಂದು ಕೈಯಿಂದ ಸಂಘಕ್ಕೆ ಒಡೆಯರ ದಾವೆಗಳಿಂದ ರಕ್ಷಣೆ ಕೊಟ್ಟಿತು. ಇನ್ನೊಂದು ಕೈ ಚಾಚಿ ಲೆಕ್ಕ ಕೇಳಿತು. ನಿಧಿ ಯಾವುದಕ್ಕೆ ವೆಚ್ಚವಾಗಬೇಕೆಂಬುದನ್ನು ಗೊತ್ತುಪಡಿಸಿತು; ತಪಾಸಣೆಯಾದ ವಾರ್ಷಿಕ ಲೆಕ್ಕಪತ್ರವನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕೆಂದಿತು; ಪುಸ್ತಕಗಳನ್ನು ನೋಡುವ ಹಕ್ಕನ್ನು ಪ್ರತಿಯೊಬ್ಬ ಸದಸ್ಯನಿಗೂ ಕೊಟ್ಟಿತು. 2025ರ ನವೆಂಬರಿನಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದು ಆ ಹಳೆಯ ಕಾಯಿದೆ ಸರಿದುಹೋಯಿತು. ಲೆಕ್ಕದ ಹೊಣೆ ಸರಿದುಹೋಗಲಿಲ್ಲ. ಎಂದ ಮೇಲೆ ಲೆಕ್ಕ ಕೇಳಿದ ಗೌಂಡಿ ಗುತ್ತೇದಾರನ ಮನುಷ್ಯನಾದದ್ದು ಹೇಗೆ?

ಬಡವರ ಸಂಘದಲ್ಲಿ ಎಷ್ಟು ಹಣವಿದ್ದೀತು ಎಂದು ಓದುಗರು ಕೇಳಬಹುದು. ಚಂದಾ ಅಲ್ಪವೇ ಸರಿ. ಆದರೆ ಇಂದು ಬೆಲೆ ಬಂದಿರುವುದು ಚಂದಾಕ್ಕಲ್ಲ, ಸಹಿಗೆ. 1996ರ ಕಟ್ಟಡ ಕಾರ್ಮಿಕರ ಕಾನೂನಿನಂತೆ, ಹದಿನೆಂಟರಿಂದ ಅರವತ್ತರೊಳಗಿನ ವಯಸ್ಸಿನವನು ಹಿಂದಿನ ವರ್ಷದಲ್ಲಿ 90 ದಿನ ದುಡಿದಿದ್ದರೆ ಕಲ್ಯಾಣ ಮಂಡಳಿಯ ಫಲಾನುಭವಿಯಾಗಬಹುದಿತ್ತು. ದುಡಿದದ್ದು ನಿಜವೆಂದು ದೃಢೀಕರಿಸುವ ಅಧಿಕಾರ ನಮ್ಮ ರಾಜ್ಯದಲ್ಲಿ ಸಂಘಗಳಿಗೂ ದೊರೆಯಿತು. ಸದುದ್ದೇಶದ ಏರ್ಪಾಡು, ಸಂಶಯವಿಲ್ಲ. ಆದರೆ ಸಹಿಗೆ ಬೆಲೆ ಬಂದ ಕಡೆ ಸಹಿಯ ವ್ಯಾಪಾರಕ್ಕೂ ಆಸೆ ಹುಟ್ಟುತ್ತದೆ. ಕರಣೆ ಹಿಡಿಯದ ಕೈಗಳಿಗೂ ಕಾರ್ಡು ದಕ್ಕಿತು. ನಕಲಿ ಕಾರ್ಡುಗಳನ್ನು ರದ್ದುಮಾಡುವ ಕೆಲಸಕ್ಕೆ ರಾಜ್ಯ ಸರ್ಕಾರವೇ ಇಳಿಯಬೇಕಾಯಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಅಲ್ಲವೆ?

ಮುಖಂಡರ ಸಮಾಧಾನಗಳು ನನಗೆ ಗೊತ್ತು. ಮನೆಯ ಮಾತನ್ನು ಬೀದಿಗೆ ತಂದರೆ ಒಡೆಯರು ನಗುತ್ತಾರೆ ಎನ್ನುತ್ತಾರೆ. ಸ್ವಾಮಿ, ಮುಚ್ಚಿಟ್ಟ ಪುಸ್ತಕವೇ ಒಡೆಯನಿಗೆ ದೊಡ್ಡ ಆಯುಧ. ಬಿಚ್ಚಿಟ್ಟ ಪುಸ್ತಕದ ಮುಂದೆ ಗಾಳಿಮಾತು ನಿಲ್ಲದು. ಕೆಲಸಗಾರರಿಗೆ ಲೆಕ್ಕ ತಿಳಿಯದು ಎನ್ನುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ನೂರಾರು ಚೀಲ ಎಣಿಸಿ ಒಂದೂ ತಪ್ಪದ ಹಮಾಲನಿಗೆ ಲೆಕ್ಕ ತಿಳಿಯದೆ? ಸಂಘಕ್ಕಾಗಿ ಜೀವ ತೇದಿದ್ದೇವೆ, ನಮ್ಮನ್ನೇ ಅನುಮಾನಿಸುವಿರಾ ಎನ್ನುತ್ತಾರೆ. ತ್ಯಾಗಕ್ಕೆ ನಮಸ್ಕಾರ, ಆದರೆ ನಮಸ್ಕಾರವನ್ನು ಜಮಾಖರ್ಚಿನ ಪುಸ್ತಕದಲ್ಲಿ ಬರೆಯಲು ಬರುವುದಿಲ್ಲ.

ಇಷ್ಟನ್ನು ಓದಿ ನಮ್ಮ ಮಧ್ಯಮ ವರ್ಗದ ಮಹನೀಯರು ಮುಗುಳ್ನಗಬೇಕಾಗಿಲ್ಲ. ಕಾರ್ಮಿಕರ ಕಲ್ಯಾಣನಿಧಿ ತುಂಬುವುದು ಕಟ್ಟಡದ ವೆಚ್ಚದ ಮೇಲಿನ ಶೇಕಡಾ ಒಂದರ ಸುಂಕದಿಂದ. 2025ರ ನವೆಂಬರಿನವರೆಗೆ ಹತ್ತು ಲಕ್ಷ ರೂಪಾಯಿ ಮೀರದ ಸ್ವಂತ ಮನೆಗೆ ಮಾತ್ರ ಅದರಿಂದ ವಿನಾಯಿತಿ ಇತ್ತು. ಎರಡು ಅಂತಸ್ತು ಎಬ್ಬಿಸಿ, ಕಾಗದದ ಮೇಲೆ ಅದನ್ನು ಹತ್ತು ಲಕ್ಷದೊಳಗೆ ಇಳಿಸಿದವರು ನಮ್ಮಲ್ಲಿ ಎಷ್ಟು ಮಂದಿ? ಹೆಗಲು ಮುಟ್ಟಿ ನೋಡಿಕೊಳ್ಳೋಣ. ಇನ್ನು ಮಂಡಳಿಗಳ ಪಾಡು. ಈ ಸುಂಕದ ಹಣದಲ್ಲಿ ಲ್ಯಾಪ್‌ಟಾಪು, ಬಟ್ಟೆ ಒಗೆಯುವ ಯಂತ್ರ ಕೊಂಡ ಸಂಗತಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2018ರ ತೀರ್ಪಿನಲ್ಲಿ ನ್ಯಾಯಾಲಯ ಸರ್ಕಾರಗಳನ್ನು ಕಟುವಾಗಿಯೇ ತರಾಟೆಗೆ ತೆಗೆದುಕೊಂಡಿತು. ಇಂಥ ಮಂಡಳಿಗಳನ್ನು ಲೆಕ್ಕ ಕೇಳಬೇಕಾದವರು ಯಾರು? ಸಂಘಗಳೇ. ತನ್ನ ಪಾವತಿಗೆ ಕ್ರಮಸಂಖ್ಯೆ ಹಾಕದ ಸಂಘ ಯಾವ ಬಾಯಿಂದ ಕೇಳೀತು?

ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿ ಪಾವತಿಗೂ ಕ್ರಮಸಂಖ್ಯೆ, ಬಾಬು ಇರಲಿ. ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ದಿನಕ್ಕೆ ದೃಢೀಕರಣ ಕೊಟ್ಟಿತೆಂಬ ಪುಸ್ತಕ ಸಂಘದ ಮೇಜಿನ ಮೇಲೆ ತೆರೆದಿರಲಿ. ಲೆಕ್ಕ ತಪಾಸಣೆ ಮಾಡುವವನು ಕಾರ್ಯದರ್ಶಿಯ ಬೀಗನಾಗದಿರಲಿ. ವರ್ಷಕ್ಕೊಮ್ಮೆ, ಮೇ ದಿನದಂದೇ ಆಗಲಿ, ಬಾವುಟ ಏರಿಸಿದ ಮೇಲೆ ಜಮಾಖರ್ಚನ್ನು ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಗಟ್ಟಿಯಾಗಿ ಓದಲಿ. ಇದಕ್ಕೆ ಬೇಕಾದದ್ದು ಎರಡು ಪುಸ್ತಕ, ಒಂದು ಗಂಟೆ.

ಅಂದು ಸಂಜೆ ಕೆಲಸ ಮುಗಿಸಿದ ಗೌಂಡಿ ಗೋಡೆಗೆ ಓಳಂಬ ಇಳಿಬಿಟ್ಟು, “ಬರ್ರಿ ಮಾಸ್ತರ್ರ, ನೀವೂ ಒಮ್ಮೆ ನೋಡ್ರಿ” ಎಂದು ಕರೆದ. ನಾನು ಬಗ್ಗಿ ನೋಡಿದೆ. ಅನುಮಾನಪಟ್ಟಿರೆಂದು ಅವನು ಮುನಿಯಲಿಲ್ಲ. ಅವನ ಸಂಘವೂ ಅವನನ್ನು ಹಾಗೆ ಕರೆಯುವ ದಿನ ಬರಲಿ.