ಮುಂಗಂಡ ಕೇಡು ಬಂದೆರಗಿದಾಗ

2024ನೆಯ ಇಸವಿಯ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯದ ಹತ್ತೊಂಬತ್ತನೆಯ ಕ್ರೆಸ್ಟ್ ಗೇಟು, ಸರಪಳಿ ತುಂಡಾಗಿ, ಕೊಚ್ಚಿಹೋಯಿತೆಂಬ ವಾರ್ತೆ ಬೆಳಗಾಗುವುದರೊಳಗೆ ನದಿಯ ಕೆಳಗಣ ಸೀಮೆಗೆಲ್ಲ ಹಬ್ಬಿತು. ತೆಲಂಗಾಣದ ರಾಜೋಳಿ, ಆಲಂಪುರ, ಉಂಡವಳ್ಳಿಗಳ ಕಡೆಯವರಿಗಾದರೋ, ಆ ವಾರ್ತೆಯ ಹಿಂದೆಯೇ 2009ರ ಅಕ್ಟೋಬರ್ ತಿಂಗಳ ಮಹಾಪೂರ, ಎಂದರೆ ಕರ್ನೂಲು ನಗರವನ್ನೂ ಆಲಂಪುರವನ್ನೂ ನೀರು ಹೊಕ್ಕ ಆ ದಿನಗಳು, ನೆನಪಿಗೆ ಬಾರದಿರಲು ಸಾಧ್ಯವಿಲ್ಲ.

ಈ ಅಪಾಯವು ಅನಿರೀಕ್ಷಿತವಾಗಿತ್ತೇ? 1953ರಲ್ಲಿ ನೀರು ತುಂಬಿಕೊಂಡ ಕಟ್ಟೆಯ ಕಬ್ಬಿಣಕ್ಕೆ ಏಳು ದಶಕಗಳ ವಯಸ್ಸಾಗಿತ್ತೆಂಬುದು ಯಾರಿಗೂ ಗುಟ್ಟಾಗಿರಲಿಲ್ಲ. ಸರಪಳಿ ಸವೆಯುವುದು, ಸವೆದುದು ಎಂದಾದರೊಂದು ದಿನ ಹರಿಯುವುದು, ಹರಿದಾಗ ಅರವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರದ ಬಾಗಿಲೊಂದು ಇಲ್ಲವಾಗುವುದು, ಇವೆಲ್ಲವೂ ಊಹೆಗೆ ನಿಲುಕಿದ ಸಂಗತಿಗಳೇ. ಆದರೂ, ಗೇಟು ಕೆಟ್ಟಾಗ ಅದರ ಮುಂದೆ ಇಳಿಬಿಟ್ಟು ನೀರನ್ನು ತಡೆಯತಕ್ಕ ಸ್ಟಾಪ್ ಲಾಗ್ ಎಂಬ ತಾತ್ಕಾಲಿಕ ಉಕ್ಕಿನ ತಡೆಯು ಆ ರಾತ್ರಿ ಅಲ್ಲಿ ಸಿದ್ಧವಾಗಿರಲಿಲ್ಲ. ಇದ್ದುದು ಮೂವತ್ತಮೂರು ಗೇಟುಗಳು, ತುಂಬಿದ ಜಲರಾಶಿ, ಮತ್ತು ಮೂರು ರಾಜ್ಯಗಳ ಆತಂಕ.

ಅನಂತರ ನಡೆದುದು ಶ್ಲಾಘನೀಯವೇ ಸರಿ. ಉಳಿದ ಗೇಟುಗಳನ್ನೂ ತೆರೆದು ನೀರಿನ ಮಟ್ಟವನ್ನು ಇಳಿಸತೊಡಗಿದರು. ನಿವೃತ್ತ ತಜ್ಞರಾದ ಕನ್ನಯ್ಯ ನಾಯ್ಡು ಅವರನ್ನು ಕರೆಯಿಸಿದರು. ಹೊಸಪೇಟೆ, ತೋರಣಗಲ್ಲುಗಳ ಕಡೆಯ ಕಾರ್ಖಾನೆಗಳಲ್ಲಿ ಉಕ್ಕಿನ ತುಂಡುಗಳು ಹಗಲಿರುಳು ಸಿದ್ಧವಾದವು. ಸುಮಾರು 60 ಟಿಎಂಸಿ ನೀರನ್ನು ಹೊರಬಿಡದೆ ದುರಸ್ತಿಯೇ ಆಗದೆಂಬ ಮೊದಲ ಅಂದಾಜನ್ನು ಬದಿಗಿರಿಸಿ, ನೀರು ಹರಿಯುತ್ತಿರುವಾಗಲೇ, ನಾಲ್ಕು ನಾಲ್ಕು ಅಡಿ ಎತ್ತರದ ಐದು ತುಂಡುಗಳನ್ನು ಕ್ರೇನಿನಿಂದ ಒಂದರ ಮೇಲೊಂದು ಇಳಿಸಿ ಆ ಬಾಯಿಯನ್ನು ಮುಚ್ಚಿದ ಕೆಲಸಗಾರರ ಧೈರ್ಯಕ್ಕೆ ಎಷ್ಟು ಹೊಗಳಿಕೆ ಸಂದರೂ ಕಡಮೆಯೇ. ವಾರವೊಂದರಲ್ಲಿ ಕಾರ್ಯ ಮುಗಿಯಿತು. ಮಳೆಯೂ ಕೈಬಿಡದೆ, ಅದೇ ಋತುವಿನಲ್ಲಿ ಜಲಾಶಯವು ಮತ್ತೆ ತುಂಬಿತು.

ನನ್ನ ತಕರಾರು ಇರುವುದು ಇಲ್ಲಿಯೇ. ಸಾಹಸವನ್ನು ಸನ್ಮಾನಿಸುವ ಸಂಭ್ರಮದಲ್ಲಿ ನಾವು ವರುಣನ ಕೃಪೆಯನ್ನು ಇಲಾಖೆಯ ಲೆಕ್ಕಕ್ಕೆ ಜಮಾ ಮಾಡಿಬಿಟ್ಟೆವು. ಮಳೆ ಅಲ್ಲಿಗೇ ನಿಂತಿದ್ದರೆ ಹರಿದುಹೋದ ನೀರಿಗೆ ಉತ್ತರ ಹೇಳಬೇಕಾದವರು ಯಾರಾಗುತ್ತಿದ್ದರು?

ಖಚಿತವಾದ ಹಾನಿಗೆ ನಾವು ಸಿದ್ಧರಾಗುವುದುಂಟು. ಶ್ರೀಶೈಲ ಯೋಜನೆಯ ಹಿನ್ನೀರು ಮುಳುಗಿಸಿಯೇ ತೀರುವುದೆಂದು ತಿಳಿದಿದ್ದುದರಿಂದಲೇ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನು, ಬಾದಾಮಿ ಚಾಳುಕ್ಯರ ಆ ಕೃತಿಯನ್ನು, ಕಲ್ಲು ಕಲ್ಲಾಗಿ ಬಿಚ್ಚಿ ತಂದು ಆಲಂಪುರದಲ್ಲಿ ಮರಳಿ ನಿಲ್ಲಿಸಿದರು. (ಇಂದು ಅದನ್ನು ನೋಡಿದವರಿಗೆ, ಅದು ಬೇರೊಂದೆಡೆ ಹುಟ್ಟಿದುದೆಂದು ಯಾರಾದರೂ ಹೇಳಿಯೇ ತಿಳಿಯಬೇಕು.) ಬಂದರೆ ಬಂದೀತು, ಬಾರದಿದ್ದರೆ ಇಲ್ಲವೆಂಬ ಹಾನಿಯಾದರೋ ಕಡತದಲ್ಲಿ ಒಂದು ಸಾಲಾಗಿ ಮಲಗುತ್ತದೆ. ಅದಕ್ಕೆ ಹಣ ಬೇಡಿದ ಎಂಜಿನಿಯರು ಏನೂ ಆಗದ ವರ್ಷಗಳಲ್ಲಿ ದುಂದುಗಾರನೆನಿಸುತ್ತಾನೆ.

ನದಿಯಂಚಿನ ಹೊಲದ ರೈತನು ಈ ವಿಷಯದಲ್ಲಿ ಹೆಚ್ಚು ಜಾಣ. ನೀರು ಯಾವ ಬಂಡೆಯನ್ನು ಮುಟ್ಟಿದರೆ ಮೋಟಾರನ್ನು ಬಿಚ್ಚಬೇಕು, ಹಗ್ಗ ಎಲ್ಲಿದೆ, ಪೈಪನ್ನು ಹೊರುವವರು ಯಾರು ಎಂಬುದೆಲ್ಲ ಅವನಲ್ಲಿ ಮೊದಲೇ ನಿಶ್ಚಯವಾಗಿರುತ್ತದೆ. ನೀರೇರಿದ ಮೇಲೆ ಅವನು ಸಭೆ ಸೇರಿಸುವುದಿಲ್ಲ. ಗುರುತು, ಹೊಣೆಗಾರ, ಸಾಮಗ್ರಿ, ಈ ಮೂರೂ ಮುಂಚಿತವಾಗಿ ಗೊತ್ತಾಗಿರದ ಮುಂದಾಲೋಚನೆಯು ಭವಿಷ್ಯಜ್ಞಾನವಾದೀತೇ ಹೊರತು ಸಿದ್ಧತೆಯಾಗದು.

ನಾಲ್ಕನೆಯದೊಂದು ಉಂಟು, ಅದನ್ನು ಹೇಳಲು ಎಲ್ಲರಿಗೂ ಸಂಕೋಚ: ನಷ್ಟವು ಯಾರ ಪಾಲಿಗೆ? ಹಳೆಯ ಗೇಟುಗಳ ಮೇಲೆ ಭರವಸೆ ಸಾಲದೆ 2025ರಲ್ಲಿ ಜಲಾಶಯದ ಸಂಗ್ರಹವನ್ನು 80 ಟಿಎಂಸಿಗೆ ಮಿತಗೊಳಿಸಿದುದು ವಿವೇಕದ ನಿರ್ಧಾರವೆಂದೇ ನಾನು ಒಪ್ಪುತ್ತೇನೆ. ಆದರೆ ನೂರೈದು ಟಿಎಂಸಿ ಹಿಡಿಯುವ ಪಾತ್ರೆಯಲ್ಲಿ ಎಂಬತ್ತನ್ನೇ ಇಟ್ಟುಕೊಂಡರೆ ಕೊರತೆಯು ಕಾಲುವೆಯ ತಲೆಯಲ್ಲಿ ನಿಲ್ಲದೆ ಕೊನೆಗೆ ಸರಿಯುವುದು ನೀರಾವರಿಯ ಹಳೆಯ ಚಾಳಿ. ಜಲಾಶಯದ ಕೆಳಗೆ, ರಾಯಚೂರು ಜಿಲ್ಲೆಯಲ್ಲಿ ಇದೇ ನದಿಯಿಂದ ಹೊರಡುವ ರಾಜೋಳಿಬಂಡಾ ಕಾಲುವೆಯ ಪಾಲು ಕಾಗದದ ಮೇಲೆ 17.1 ಟಿಎಂಸಿ, ಅದರಲ್ಲಿ 15.9 ಗದ್ವಾಲ, ಆಲಂಪುರಗಳ ಈ ಸೀಮೆಯದು. ಕಾಲುವೆಯ ಕೊನೆಯ ಹೊಲಗಳವರು ಆ ಪಾಲಿಗಾಗಿ ಹೋರಾಡುತ್ತ ಬಂದುದು ಗೇಟು ಮುರಿಯುವುದಕ್ಕೆ ಬಹಳ ಹಿಂದಿನಿಂದಲೇ.

ಆದುದರಿಂದ ತುಂಗಭದ್ರಾ ಮಂಡಳಿಯವರು ಹೊಸ ಗೇಟುಗಳ ಜೊತೆಗೆ ಒಂದು ಹಾಳೆಯನ್ನೂ ಸಿದ್ಧಪಡಿಸಲಿ: ಎಷ್ಟು ಕ್ಯೂಸೆಕ್ ಬಿಟ್ಟರೆ ಕೆಳಗಣ ಸುಂಕೇಸುಲ ಬ್ಯಾರೇಜಿಗೆ ಎಷ್ಟು ಗಂಟೆಯಲ್ಲಿ ನೀರು ಮುಟ್ಟುವುದು, ಯಾವ ಊರಿಗೆ ಯಾರು ಹೇಳಬೇಕು, ಸಂಗ್ರಹ ತಗ್ಗಿದ ವರ್ಷ ಯಾವ ಕಾಲುವೆಗೆ ಎಷ್ಟು ಕಡಿತ, ಬೆಳೆ ಕಳೆದುಕೊಂಡವನಿಗೆ ಯಾವ ಪರಿಹಾರ, ಇಷ್ಟೂ ಅದರಲ್ಲಿರಲಿ. ಕನ್ನಡ, ತೆಲುಗು ಎರಡರಲ್ಲಿಯೂ ಅಚ್ಚಾಗಿ, ಮುಂಗಾರಿಗೆ ಮೊದಲೇ ಪಂಚಾಯಿತಿಯ ಗೋಡೆಗಳನ್ನು ಮುಟ್ಟಲಿ.