ಹಳೆಯ ಕಂಪ್ಯೂಟರ್ ಓಡಿಸುವವರ ಪ್ರಣಾಳಿಕೆ

ಗಾಜಿನ ಪೆಟ್ಟಿಗೆಯಲ್ಲಿಟ್ಟು ಚೀಟಿ ಅಂಟಿಸಿದ ಮಾತ್ರಕ್ಕೆ ಹಳೆಯ ಕಂಪ್ಯೂಟರ್ ಉಳಿಯಿತು ಎಂದು ನಾವು ಒಪ್ಪುವುದಿಲ್ಲ. ಅದಕ್ಕೆ ಕರೆಂಟು ಹರಿಯಬೇಕು, ಪರದೆಯ ಮೇಲೆ ಕರ್ಸರ್ ಮಿನುಗಬೇಕು, ಅದಕ್ಕೆಂದೇ ಬರೆದ ತಂತ್ರಾಂಶ ಅದರಲ್ಲೇ ಓಡಬೇಕು. ಈ ನಂಬಿಕೆಯೊಂದೇ ನಮ್ಮನ್ನು ಒಟ್ಟುಗೂಡಿಸಿದೆ.

ನಾವು ಮೊದಲು ಕೈಗೆತ್ತಿಕೊಳ್ಳುವುದು ಬಿಬಿಸಿ ಮೈಕ್ರೊ. ಬ್ರಿಟನ್ನಿನ ಕೇಂಬ್ರಿಜ್‌ನ ಏಕಾರ್ನ್ ಕಂಪನಿ 1981ರ ಕೊನೆಯಲ್ಲಿ ಹೊರತಂದ ಈ ಯಂತ್ರಕ್ಕೂ ನಮಗೂ ನಂಟಿದೆ. 1984ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ‘ಕ್ಲಾಸ್’ ಯೋಜನೆಯಲ್ಲಿ ಭಾರತದ ಶಾಲೆಗಳಿಗೆ ಬಂದದ್ದು ಇದೇ. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ಇದನ್ನು ‘ಯೂನಿಕಾರ್ನ್’ ಹೆಸರಿನಲ್ಲಿ ಹೊರತಂದಿತ್ತು. ನಮ್ಮ ದೇಶದ ಎಷ್ಟೋ ಮಕ್ಕಳು ಕಂಪ್ಯೂಟರ್ ಎಂಬುದನ್ನು ಮೊದಲು ಮುಟ್ಟಿ ನೋಡಿದ್ದು ಇದರ ಕೀಲಿಮಣೆಯ ಮೇಲೆ.

2 ಮೆಗಾಹರ್ಟ್ಸ್ ವೇಗದ 6502 ಪ್ರೊಸೆಸರ್, ಬಿ ಮಾದರಿಯಲ್ಲಿ 32 ಕಿಲೋಬೈಟ್ ಮೆಮೊರಿ. ಫೋನಿನಲ್ಲಿ ತೆಗೆದ ಒಂದು ಫೋಟೊ ಕೂಡ ಅದರಲ್ಲಿ ಹಿಡಿಸದು. ಇಷ್ಟು ಚಿಕ್ಕದಾಗಿರುವುದರಿಂದಲೇ ಅದನ್ನು ಒಬ್ಬ ವ್ಯಕ್ತಿ ತುದಿಯಿಂದ ಬುಡದವರೆಗೆ ಅರಿಯಬಹುದು. ಸ್ವಿಚ್ ಹಾಕಿದೊಡನೆ ಬೇಸಿಕ್ ಭಾಷೆ ಸಿದ್ಧ. ಸೋಫಿ ವಿಲ್ಸನ್ ಬರೆದ ಆ ಬೇಸಿಕ್‌ನೊಳಗೇ ಅಸೆಂಬ್ಲರ್ ಇದೆ. ಬರೆಯುತ್ತಿರುವ ಪ್ರೋಗ್ರಾಮಿನ ನಡುವೆಯೇ ನೇರ ಪ್ರೊಸೆಸರಿನ ಮಟ್ಟಕ್ಕೆ ಇಳಿಯಬಹುದು. ಎಂಜಿನಿಯರಿಂಗ್ ಓದುವ ಮಕ್ಕಳಿಗೂ ಇಂದಿನ ಲ್ಯಾಪ್‌ಟಾಪಿನಲ್ಲಿ ಇಷ್ಟು ಸಲೀಸಾಗಿ ಆ ಆಳ ಸಿಗುವುದಿಲ್ಲ.

ನಮಗೆ ಅತಿ ಪ್ರಿಯವಾದದ್ದು ಅದರ ತಳಭಾಗ. ಅಲ್ಲಿ ಸಾಲಾಗಿ ಡಿಸ್ಕ್ ಡ್ರೈವ್, ಪ್ರಿಂಟರ್, ಯೂಸರ್ ಪೋರ್ಟ್, 1 ಮೆಗಾಹರ್ಟ್ಸ್ ಬಸ್, ಕೊನೆಗೆ ಎರಡನೆಯ ಪ್ರೊಸೆಸರ್ ಜೋಡಿಸುವ ‘ಟ್ಯೂಬ್’. 1985ರ ಏಪ್ರಿಲ್‌ನಲ್ಲಿ ಜಗತ್ತಿನ ಮೊದಲ ಆರ್ಮ್ ಚಿಪ್ ಓಡಿದ್ದು ಬಿಬಿಸಿ ಮೈಕ್ರೊದ ಎರಡನೆಯ ಪ್ರೊಸೆಸರಾಗಿಯೇ. ನಿಮ್ಮ ಜೇಬಿನ ಫೋನಿನಲ್ಲಿರುವುದು ಅದರ ಸಂತತಿ. ಈಗ ಹವ್ಯಾಸಿಗಳು ಅದೇ ಟ್ಯೂಬ್‌ಗೆ ರಾಸ್‌ಬೆರಿ ಪೈ ಜೋಡಿಸುತ್ತಾರೆ, ಯೂಸರ್ ಪೋರ್ಟಿನಲ್ಲಿ ಎಸ್‌ಡಿ ಕಾರ್ಡ್ ಓದಿಸುತ್ತಾರೆ, ಫ್ಲಾಪಿ ಡ್ರೈವಿನ ಜಾಗಕ್ಕೆ ಪೆನ್‌ಡ್ರೈವ್ ಓದುವ ಗೋಟೆಕ್ ಕೂರಿಸುತ್ತಾರೆ. ಇದರಿಂದ ಹಳತು ಕೆಡುತ್ತದೆ ಎನ್ನುವವರಿದ್ದಾರೆ. ಹೊಸದನ್ನು ಸೇರಿಸಿಕೊಳ್ಳಲೆಂದೇ ಕಟ್ಟಿದ ಯಂತ್ರಕ್ಕೆ ಹೊಸದನ್ನು ಸೇರಿಸಿದರೆ ಅದು ಅದರ ಸ್ವಭಾವಕ್ಕೆ ತಕ್ಕ ಕೆಲಸವೇ. ಒಂದು ಕಟ್ಟುಪಾಡು ಮಾತ್ರ ಮುರಿಯಬಾರದು: ಪೋರ್ಟಿಗೆ, ಸಾಕೆಟ್ಟಿಗೆ ಏನು ಬೇಕಾದರೂ ಹಾಕಿ, ಮೂಲ ಬೋರ್ಡಿನ ಟ್ರ್ಯಾಕ್ ಕತ್ತರಿಸಬೇಡಿ.

ಹಳೆಯ ಯಂತ್ರವನ್ನು ಹೊಸ ಕಂಪ್ಯೂಟರಿನೊಳಗೆ ಅನುಕರಿಸುವ ಎಮ್ಯುಲೇಟರ್ ಇರುವಾಗ ಯಂತ್ರ ಏಕೆ ಎಂದು ಕೇಳುತ್ತಾರೆ. ಉತ್ತರ ‘ಡೂಮ್ಸ್‌ಡೇ’ ಯೋಜನೆಯಲ್ಲಿದೆ. 1086ರ ಇಂಗ್ಲೆಂಡಿನ ಭೂಸಮೀಕ್ಷೆಯಾದ ಡೂಮ್ಸ್‌ಡೇ ದಫ್ತರದ ಒಂಬೈನೂರನೆಯ ವರ್ಷಕ್ಕೆಂದು 1986ರಲ್ಲಿ ಬಿಬಿಸಿ ಇಡೀ ಬ್ರಿಟನ್ನಿನ ಬದುಕನ್ನು ಲೇಸರ್ ಡಿಸ್ಕುಗಳಲ್ಲಿ ತುಂಬಿಸಿತು. ಚರ್ಮದ ಹಾಳೆಯ ಮೇಲಿನ ಮೂಲ ದಫ್ತರವನ್ನು ಇವತ್ತಿಗೂ ಓದಬಹುದು. ಡಿಸ್ಕುಗಳು ಇಪ್ಪತ್ತು ವರ್ಷವೂ ತುಂಬುವ ಮೊದಲೇ ಓದುವ ಯಂತ್ರವಿಲ್ಲದೆ ಅನಾಥವಾಗುತ್ತ ಬಂದವು. ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು 2002ರ ಹೊತ್ತಿಗೆ ಅವನ್ನು ಎಮ್ಯುಲೇಟರಿಗೆ ತಂದರು. ಮಾಹಿತಿಯನ್ನು ಡಿಸ್ಕಿನಿಂದ ಹೊರತೆಗೆಯಲು ಅವರಿಗೂ ಹಳೆಯ ಯಂತ್ರವೇ ಬೇಕಾಯಿತು.

ಕನ್ನಡಕ್ಕೂ ಇದೇ ಆಪತ್ತು ಬಂದಿದೆ. ಡಾಸ್ ಕಾಲದಲ್ಲಿ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡನ್ನು ಪಿಸಿಯ ಸ್ಲಾಟಿಗೆ ಹಾಕಿದರೆ ಪರದೆಯ ಮೇಲೆ ಕನ್ನಡ ಮೂಡುತ್ತಿತ್ತು. ಯುನಿಕೋಡ್ ಬಳಕೆಗೆ ಬರುವ ಮೊದಲೇ ಕೆ.ಪಿ. ರಾವ್ ಅವರ ‘ಸೇಡಿಯಾಪು’ವಿನಂಥ ತಂತ್ರಾಂಶಗಳಲ್ಲಿ ಕನ್ನಡ ಅಕ್ಷರ ಜೋಡಣೆ ನಡೆದಿತ್ತು. ಭಾರತೀಯ ಲಿಪಿಗಳಿಗೆಂದು ರೂಪಿಸಿದ ಇಸ್ಕಿ ಸಂಕೇತದ ಫೈಲುಗಳನ್ನು ಯುನಿಕೋಡಿಗೆ ತರುವುದು ಸುಲಭ. ತಮ್ಮದೇ ಸಂಕೇತ ಬಳಸಿದ ತಂತ್ರಾಂಶಗಳ ಫೈಲುಗಳು ಹಾಗಲ್ಲ, ಅವಕ್ಕೆ ಆಯಾ ತಂತ್ರಾಂಶ ಇಲ್ಲವೇ ಆಯಾ ಫಾಂಟು ಬೇಕೇ ಬೇಕು. ಫ್ಲಾಪಿಯ ಕಾಂತೀಯ ಲೇಪನ ವರ್ಷವರ್ಷಕ್ಕೂ ಸವೆಯುತ್ತಿದೆ. ಆದ್ದರಿಂದ ಹಳೆಯ ಕನ್ನಡ ತಂತ್ರಾಂಶ, ಫಾಂಟು, ಕೈಪಿಡಿ, ಕಾರ್ಡುಗಳನ್ನು ಹುಡುಕಿ ನಕಲು ಮಾಡುವುದು, ಅವು ಓಡುವ ಪಿಸಿಗಳನ್ನು ಸರಿಪಡಿಸಿಡುವುದು ನಮ್ಮ ತುರ್ತಿನ ಕೆಲಸ.

ಸರ್ಕಾರವನ್ನೂ ಶಾಲಾ ಆಡಳಿತಗಳನ್ನೂ ಕೇಳುತ್ತೇವೆ: ಹಳೆಯ ಯಂತ್ರಗಳನ್ನು ಹರಾಜಿಗಿಡುವ ಮೊದಲು ನಮ್ಮಂಥವರಿಗೆ ಒಮ್ಮೆ ನೋಡಲು ಬಿಡಿ. ಹಳೆಯ ಕನ್ನಡ ತಂತ್ರಾಂಶ ಬರೆದವರನ್ನೂ ಕೇಳುತ್ತೇವೆ: ಮಾರಾಟ ನಿಂತಿದ್ದರೆ ನಕಲು ಮಾಡಿ ಹಂಚಲು ಅನುಮತಿ ಕೊಡಿ.

ಮನೆಯ ಅಟ್ಟದಲ್ಲೋ ಶಾಲೆಯ ಸ್ಟೋರ್ ರೂಮಿನಲ್ಲೋ ಇಂಥ ಹಳೆಯ ಯಂತ್ರ ಸಿಕ್ಕರೆ ದಯವಿಟ್ಟು ಸ್ವಿಚ್ ಹಾಕಬೇಡಿ. ಬಿಬಿಸಿ ಮೈಕ್ರೊದ ಪವರ್ ಸಪ್ಲೈಯಲ್ಲಿರುವ ಫಿಲ್ಟರ್ ಕೆಪಾಸಿಟರುಗಳು ಬಿರುಕುಬಿಟ್ಟು ತೇವ ಹೀರಿರಬಹುದು. ಕರೆಂಟು ಹರಿದರೆ ಅವು ಸಿಡಿದು ಹೊಗೆ ಬರಬಹುದು. ಮೊದಲು ಅವನ್ನು ಬದಲಿಸಬೇಕು. 286, 386 ಪಿಸಿಗಳಾದರೆ ಬೋರ್ಡಿನ ಮೇಲಿನ ಬ್ಯಾಟರಿ ಸೋರಿ ಟ್ರ್ಯಾಕುಗಳನ್ನು ತಿನ್ನುತ್ತಿರಬಹುದು. ಕೆಲವು ಚಿಪ್ಪುಗಳ ಮೇಲಿರುವ ಗಾಜಿನ ಕಿಟಕಿಗೆ ಅಂಟಿಸಿದ ಚೀಟಿ ಕೀಳಬೇಡಿ, ಹಲವು ದಿನ ಬಿಸಿಲು ತಾಗಿದರೆ ಒಳಗಿನ ಪ್ರೋಗ್ರಾಮ್ ಅಳಿಸಿಹೋಗಬಹುದು. ಫ್ಲಾಪಿ, ಕ್ಯಾಸೆಟ್, ಕೈಪಿಡಿ, ಕೇಬಲ್ ಏನಿದ್ದರೂ ಯಂತ್ರದ ಜೊತೆಗೇ ಇಡಿ. ಗುಜರಿಯವರಿಗೆ ಕೊಡಬೇಡಿ, ಸರಿಪಡಿಸಲು ನಮ್ಮ ಜೊತೆ ಬನ್ನಿ.