ಕೈ ಕಟ್ಟಿಸಿದರೆ ಸಾಲದು, ಮೂಳೆ ನೋಡಿಸಿ



ಸಣ್ಣ ಗಾಳಿಗೆ ತೋಟದಲ್ಲೊಂದು ತೆಂಗಿನ ಮರ ಮುರಿದು ಬಿದ್ದರೆ ನಾವು ಗಾಳಿಯನ್ನು ಬೈದು ಸುಮ್ಮನಾಗುವುದಿಲ್ಲ. ಕಾಂಡ ಸೀಳಿ ನೋಡುತ್ತೇವೆ. ಕೆಂಪು ಮೂತಿ ಹುಳು ಒಳಗೆಲ್ಲ ತಿಂದು ಟೊಳ್ಳು ಮಾಡಿದ್ದು ಕಂಡರೆ ಅಕ್ಕಪಕ್ಕದ ಮರಗಳ ಬುಡಕ್ಕೂ ಹೋಗುತ್ತೇವೆ. ಮನೆಯ ಹೆಂಗಸು ಬಚ್ಚಲಲ್ಲಿ ಜಾರಿ, ಅಂಗೈ ಊರಿ, ಮಣಿಕಟ್ಟು ಮುರಿದುಕೊಂಡರೆ ಮಾತ್ರ “ಜಾರಿಬಿದ್ದಳು, ಕೈ ಮುರೀತು” ಅಂತ ಮಾತು ಮುಗಿಸಿಬಿಡುತ್ತೇವೆ. ಮರಕ್ಕೆ ಕೇಳಿದ ಪ್ರಶ್ನೆಯನ್ನು ಅವ್ವನ ಮೂಳೆಗೆ ಯಾಕೆ ಕೇಳಲಿಲ್ಲ?

ನಿಂತ ನಿಲುವಿನಲ್ಲಿ ಬಿದ್ದರೆ ಗಟ್ಟಿ ಮೂಳೆ ಮುರಿಯುವುದು ಅಪರೂಪ. ಐವತ್ತು ದಾಟಿದವರ ಮೂಳೆ ಹಾಗೆ ಮುರಿದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ರೋಗವನ್ನು ಶಂಕಿಸಲೇಬೇಕು. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಹಾರ್ಮೋನ್ ಇಳಿಯುತ್ತದೆ. ಮೂಳೆ ಕಟ್ಟುವ ಕೆಲಸಕ್ಕಿಂತ ಕರಗುವ ಕೆಲಸ ಮುಂದಾಗುತ್ತದೆ. ನೋವಿಲ್ಲ, ಜ್ವರವಿಲ್ಲ. ಎಷ್ಟೋ ಹೆಂಗಸರಿಗೆ ಮಣಿಕಟ್ಟು ಮುರಿದ ದಿನವೇ ಈ ರೋಗದ ಮೊದಲ ಸುದ್ದಿ. ಗಂಡಸರಿಗೂ ವಿನಾಯಿತಿ ಇಲ್ಲ. ಬೀಡಿ, ಹೆಂಡ, ಉಬ್ಬಸಕ್ಕೋ ಕೀಲುನೋವಿಗೋ ವರ್ಷಗಟ್ಟಲೆ ನುಂಗಿದ ಸ್ಟೀರಾಯ್ಡ್ ಅವರ ಮೂಳೆಯನ್ನೂ ತಿನ್ನುತ್ತವೆ. ನಮ್ಮ ತುಮಕೂರು ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ದೀರ್ಘಕಾಲ ಕುಡಿದರೆ ಹಲ್ಲಿಗೂ ಮೂಳೆಗೂ ಕೇಡು.

1814ರಲ್ಲಿ ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕೋಲಿಸ್ ಈ ಮಣಿಕಟ್ಟಿನ ಮುರಿತವನ್ನು ವಿವರಿಸಿ ಬರೆದ. ಕೈ ಸೊಟ್ಟಗೇ ಉಳಿದರೂ ಎಂದೋ ಒಂದು ದಿನ ನೋವು ಹೋಗಿ ಸಲೀಸಾಗಿ ಆಡುತ್ತದೆ ಎಂಬ ಸಮಾಧಾನವನ್ನೂ ಹೇಳಿದ. ಎಲ್ಲರ ಪಾಲಿಗೂ ಅದು ನಿಜವಾಗುವುದಿಲ್ಲ. ಐದಾರು ವಾರಕ್ಕೆ ಪ್ಲಾಸ್ಟರ್ ಬಿಚ್ಚುತ್ತಾರೆ. ಮೂಳೆ ಓರೆಯಾಗಿ ಕೂಡಿದ್ದರೆ ಹಿಡಿತ ಸಡಿಲ, ಮಣಿಕಟ್ಟು ಬಿಗಿ. ನರ ಒತ್ತಿದರೆ ಬೆರಳು ಜೋಮು. ಕೆಲವರಿಗೆ ಕೈ ಊದಿ, ಮುಟ್ಟಿದರೆ ಉರಿಯುವ ನೋವು ತಿಂಗಳುಗಟ್ಟಲೆ ಬಿಡುವುದಿಲ್ಲ. ಮುದ್ದೆ ತೊಳಸಲು, ಹಾಲು ಕರೆಯಲು, ಒದ್ದೆ ಸೀರೆ ಹಿಂಡಲು, ಗರಿ ಹೆಣೆಯಲು, ಪೊರಕೆ ಕಡ್ಡಿ ಸೀಳಲು ಆ ಕೈ ಬಾರದು. ತೀರ್ಥಕ್ಕೆ ಅಂಗೈ ಮೇಲೆ ಮಾಡಿ ಒಡ್ಡುವುದೂ ಕಷ್ಟ. ಕೂಲಿ ನಿಂತಿತು, ಮನೆಗೆಲಸ ಮಾತ್ರ ನಿಲ್ಲಲಿಲ್ಲ. ಅದನ್ನು ಒಂದೇ ಕೈಯಲ್ಲಿ ಮಾಡುತ್ತಾಳೆ, ನಾವು ನೋಡುತ್ತ ಕೂರುತ್ತೇವೆ.

ಇನ್ನೂ ದೊಡ್ಡ ಅಪಾಯ ಮುಂದಿದೆ. ಹೀಗೆ ಒಮ್ಮೆ ಮುರಿದವರಿಗೆ ಮತ್ತೊಂದು ಮೂಳೆ ಮುರಿಯುವ ಸಂಭವ ಸುಮಾರು ಎರಡು ಪಟ್ಟು. ಮುಂದಿನ ಸರದಿ ಬೆನ್ನುಮೂಳೆಯದೋ ಸೊಂಟದ್ದೋ ಆಗಬಹುದು. ಸೊಂಟ ಮುರಿದು ಹಾಸಿಗೆ ಹಿಡಿದ ಎಷ್ಟು ಮಂದಿ ವರ್ಷ ಕಳೆಯುವುದರೊಳಗೆ ಹೋದರೆಂದು ನಿಮ್ಮ ಬೀದಿಯನ್ನೇ ಕೇಳಿ ನೋಡಿ. ಮಣಿಕಟ್ಟು ಸಾಕಷ್ಟು ಮೊದಲೇ ಎಚ್ಚರಿಸಿತ್ತು.

ನಮ್ಮ ವ್ಯವಸ್ಥೆಯ ಕಣ್ಣೂ ಇಲ್ಲಿಗೆ ಬಿದ್ದಿಲ್ಲ. ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ, ಇರಲೇಬೇಕು. ಅಂಗಳದಲ್ಲಿ ಬಿದ್ದವಳ ಲೆಕ್ಕ ಎಲ್ಲಿದೆ? ಮೂವತ್ತು ದಾಟಿದವರಿಗೆ ಬಿಪಿ, ಸಕ್ಕರೆ ಕಾಯಿಲೆ, ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನು ಸರ್ಕಾರವೇ ಮಾಡಿಸುತ್ತದೆ. ಆ ಸಾಲಿನಲ್ಲಿ ಮೂಳೆಗೂ ಒಂದು ಜಾಗ ಬೇಕು. ಹಿಂದೆ ಮೂಳೆ ಮುರಿದಿತ್ತೆ, ತಂದೆತಾಯಿಗೆ ಸೊಂಟ ಮುರಿದಿತ್ತೆ, ಸ್ಟೀರಾಯ್ಡ್ ತೆಗೆದುಕೊಂಡಿದ್ದೀರಾ, ತೂಕ ತೀರಾ ಕಡಿಮೆಯೆ? ಇಷ್ಟು ಕೇಳಲು ಯಂತ್ರ ಬೇಡ. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ನಾಲ್ಕು ಸಾಲು ಸಾಕು.

ಮನೆಯವರೇ, ಕೈ ಮುರಿದರೆ ಮೊದಲು ಎಕ್ಸ್‌ರೇ ಮಾಡಿಸಿ. ನಾಟಿ ಕಟ್ಟಿನ ಮೇಲೆ ಎಷ್ಟೇ ನಂಬಿಕೆಯಿರಲಿ, ಮೂಳೆ ಸರಿದಿದೆಯೋ ಇಲ್ಲವೋ ತಿಳಿಯದೆ ಬಿದಿರು ಸೀಳು ಬಿಗಿಯಬೇಡಿ. ಬೆರಳು ನೀಲಿಯಾದರೆ, ಮರಗಟ್ಟಿದರೆ ಗಂಟೆಯೂ ಕಾಯದೆ ಆಸ್ಪತ್ರೆಗೆ ಹೊರಡಿ. ವೈದ್ಯರು ಬೇಡವೆನ್ನದಿದ್ದರೆ ಪ್ಲಾಸ್ಟರ್ ಇರುವಾಗಲೇ ಬೆರಳಾಡಿಸಲು, ಭುಜ ಎತ್ತಲು ಹೇಳಿ. ಬಿಚ್ಚಿದ ಮೇಲೆ ಫಿಸಿಯೋಥೆರಪಿ ತಪ್ಪಿಸಬೇಡಿ. “ಮೂಳೆ ಯಾಕೆ ಮುರಿಯಿತು, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಬೇಕೆ, ಔಷಧ ಬೇಕೆ?” ಎಂದು ಬಾಯಿಬಿಟ್ಟು ಕೇಳಿ. ಮೂಳೆ ಕರಗುವುದನ್ನು ತಡೆಯುವ ಮಾತ್ರೆಗಳಿವೆ. ವಾರಕ್ಕೊಂದು ನುಂಗುವಂಥವೂ ಇವೆ.

ತಟ್ಟೆಯನ್ನೂ ನೋಡಿ. ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಉಳಿದದ್ದು ಹಾಲು, ಮೊಸರು, ಸೊಪ್ಪು, ಎಳ್ಳಿನಿಂದ ಬರಬೇಕು. ಹಾಲನ್ನೆಲ್ಲ ಡೈರಿಗೆ ಅಳೆದು, ಕರೆದವಳಿಗೆ ಬರೀ ಕಾಫಿ ಡಿಕಾಕ್ಷನ್ ಉಳಿಸುವ ಮನೆ ನಮ್ಮದಾಗದಿರಲಿ.

ವೈದ್ಯರೇ, ಐವತ್ತು ದಾಟಿದವರ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿ ಕಳಿಸುವ ಮುನ್ನ ಚೀಟಿಯಲ್ಲಿ ಮೂಳೆಯ ಬಗ್ಗೆ ಒಂದು ಸಾಲು ಬರೆಯಿರಿ. ಪಂಚಾಯಿತಿ ಸದಸ್ಯರೇ, ಕುಡಿಯುವ ನೀರಿನ ಫ್ಲೋರೈಡ್ ಅಳತೆಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ. ಈ ಸೀಮೆಯ ಕೊಬ್ಬರಿಗೆ ಬೆಲೆ ಕೇಳಿ ನಾವು ರಸ್ತೆಗೆ ಇಳಿದವರು. ಆ ಕೊಬ್ಬರಿಯನ್ನು ಮನೆ ತುಂಬಿಸಿದ ಕೈಗಳಿಗಾಗಿ ಆಸ್ಪತ್ರೆಯ ಮೆಟ್ಟಿಲು ಹತ್ತೋಣ, ಈ ವಾರವೇ.